ಎರಡು ಉದ್ದ, ಒಂದು ಗಿಡ್ಡ

ಮೇಲೂರಿನ ಆಚೆಯ ಆ ಊರಿಗೆ ಫೋನು ಬಂದ ದಿನ ಲೈನ್‌ಮನ್ ಮೂರು ಮನೆಗಳಿಗೂ ಹೋಗಿ ಒಂದೇ ಮಾತು ಹೇಳಿದ. ಶಿಡ್ಲಘಟ್ಟದ ಎಕ್ಸ್‌ಚೇಂಜಿನಿಂದ ಬರುವ ತಂತಿ ಒಂದು, ಅದಕ್ಕೆ ಕಟ್ಟಿದ ಫೋನು ಮೂರು. ಗಂಟೆ ಬಾರಿಸಿದರೆ ಮೂರು ಕಡೆಯೂ ಬಾರಿಸುತ್ತದೆ. ಒಂದೇ ಉದ್ದ ಗಂಟೆಯಾದರೆ ಅದು ಪಂಚಾಯಿತಿ ಚೇರ್ಮನ್ ಚೆನ್ನರಾಯಪ್ಪನವರ ಮನೆಗೆ. ಎರಡು ಗಿಡ್ಡ ಗಂಟೆಯಾದರೆ ಗೂಡಿನಿಂದ ರೇಷ್ಮೆ ನೂಲು ಬಿಚ್ಚುವ ಷರೀಫ್ ಸಾಹೇಬರ ಷೆಡ್ಡಿಗೆ. ಎರಡು ಉದ್ದ, ಒಂದು ಗಿಡ್ಡ ಆದರೆ ಪೋಸ್ಟಾಫೀಸಿಗೆ, ಎಂದರೆ ಊರಿನ ಮಿಕ್ಕವರೆಲ್ಲರಿಗೆ. ನಿಮ್ಮದಲ್ಲದ ಗಂಟೆಗೆ ರಿಸೀವರ್ ಎತ್ತಬೇಡಿ ಎಂದು ಕೈಮುಗಿದು ಹೇಳಿ, ಮಜ್ಜಿಗೆ ಕುಡಿದು ಹೋದ.

ಆ ಮಾತನ್ನು ಒಬ್ಬರೂ ನಡೆಸಲಿಲ್ಲ. ಬೀದಿಯಲ್ಲಿ ಯಾರೋ ಯಾರನ್ನೋ ಕೂಗಿದರೆ ಎಲ್ಲ ಬಾಗಿಲುಗಳಿಂದಲೂ ತಲೆ ಹೊರಬರುವ ಊರು ಅದು. ಗಂಟೆ ಹೊಡೆಯಿತೆಂದರೆ ಮೂರು ಕಡೆಯೂ ಎತ್ತುತ್ತಿದ್ದರು. ಒಂದು ಚೊಂಬು ಮಜ್ಜಿಗೆಗೆ ಮನೆಮಂದಿಯೆಲ್ಲ ಲೋಟ ಒಡ್ಡಿದ ಹಾಗೆ, ಎತ್ತಿದಷ್ಟೂ ದನಿ ತೆಳುವಾಗುತ್ತಿತ್ತು. ಆಗ ಎಕ್ಸ್‌ಚೇಂಜಿನಿಂದ ಆಪರೇಟರ್ ಬಾಬಾಜಾನ್ ಗದರುತ್ತಿದ್ದ. "ಯಾರ್ರೀ ಅದು ಉಸಿರು ಬಿಡ್ತಾ ಇರೋದು. ಇಡ್ರಿ ಕೆಳಗೆ."

ಪೋಸ್ಟಾಫೀಸು ಇದ್ದದ್ದು ಆದಿಲಕ್ಷ್ಮಮ್ಮನ ಮನೆಯ ಜಗಲಿಯ ಪಕ್ಕದ ಕೋಣೆಯಲ್ಲಿ. ಆಕೆಯ ಗಂಡ ಮುನಿಶಾಮಪ್ಪ ಇದ್ದಷ್ಟು ದಿನವೂ ಪೋಸ್ಟ್‌ಮಾಸ್ಟರಾಗಿದ್ದರು. ಅವರು ತೀರಿಕೊಂಡ ಮೇಲೆ ಆ ಕೆಲಸ ಮಗ ವೆಂಕಟೇಶನಿಗೆ ಬಂತು. ವೆಂಕಟೇಶ ಶಾಲೆಯ ಮೇಷ್ಟ್ರೂ ಆಗಿದ್ದರಿಂದ ಹಗಲೆಲ್ಲ ಫೋನು ಕಾಯುವವಳು ಆದಿಲಕ್ಷ್ಮಮ್ಮ. ಎರಡು ಉದ್ದ, ಒಂದು ಗಿಡ್ಡ ಗಂಟೆ ಕೇಳಿದ ಕೂಡಲೇ ಜಪಮಣಿಯನ್ನು ಕಣ್ಣಿಗೊತ್ತಿಕೊಂಡು ಗೂಟಕ್ಕೆ ಹಾಕಿ ರಿಸೀವರ್ ಎತ್ತುತ್ತಿದ್ದಳು. ಯಾರ ಹೆಸರಿಗೆ ಬಂದಿದೆಯೋ ಅವರ ಮನೆಗೆ ತಾನೇ ನಡೆದು ಹೋಗುತ್ತಿದ್ದಳು. ದಾರಿಯಲ್ಲಿ ಎದುರಾದವರು "ಯಾರಿಗಕ್ಕಾ, ಏನಂತೆ?" ಎಂದರೆ "ನಿನಗಲ್ಲ" ಎಂದಷ್ಟೇ ಹೇಳಿ ಮುಂದೆ ಹೋಗುತ್ತಿದ್ದಳು. ಸೊಕ್ಕು ಎಂದರು. ಅದು ಸೊಕ್ಕಲ್ಲ. ಅದಕ್ಕೆ ಕಾರಣವಿತ್ತು.

ಫೋನು ಬರುವುದಕ್ಕೆ ಮುಂಚೆ, ಚೆನ್ನರಾಯಪ್ಪನವರ ಹಿರಿಮಗಳ ಮದುವೆಯ ಸಮಯದಲ್ಲಿ, ಮುನಿಶಾಮಪ್ಪ ಕಚೇರಿಯ ಕೆಲಸಕ್ಕೆಂದು ಚಿಕ್ಕಬಳ್ಳಾಪುರಕ್ಕೆ ಹೋದವರು ಅಲ್ಲೇ ಕುಸಿದು ಬಿದ್ದು ಆಸ್ಪತ್ರೆ ಸೇರಿದರು. ಜೊತೆಯ ನೌಕರರು ಆದಿಲಕ್ಷ್ಮಮ್ಮನ ಹೆಸರಿಗೇ ತಂತಿ ಕೊಟ್ಟರು. ಸ್ಥಿತಿ ಗಂಭೀರ, ಕೂಡಲೇ ಹೊರಡಿ ಎಂದು ಅದರಲ್ಲಿತ್ತು. ಶಿಡ್ಲಘಟ್ಟದಿಂದ ಸೈಕಲ್ಲಿನಲ್ಲಿ ಬಂದ ತಂತಿಯವನು ಮದುವೆಯ ಚಪ್ಪರ ಕಂಡು ಅಲ್ಲಿಗೇ ಹೋದ. ಮನೆಯ ಹಿರಿಯರೆಂದು ಚೆನ್ನರಾಯಪ್ಪನವರು ಕೈಯೊಡ್ಡಿದರು, ಅವನು ಕೊಟ್ಟ. ಮುನಿಶಾಮಪ್ಪ ಅವರ ಚಿಕ್ಕಪ್ಪನ ಮಗ, ದಾಯಾದಿ. ಮುಹೂರ್ತದ ಮೊದಲು ದಾಯಾದಿಯ ಸಾವಿನ ಸುದ್ದಿ ಕಿವಿಗೆ ಬಿದ್ದರೆ ಸೂತಕ ತಗಲುತ್ತದೆ, ಮದುವೆ ನಿಲ್ಲುತ್ತದೆ. ಕಿವಿಗೆ ಬೀಳದಿದ್ದರೆ ಸೂತಕವಿಲ್ಲ. ಗಂಭೀರ ಎಂಬ ಸುದ್ದಿಯ ಹಿಂದೆ ಯಾವ ಸುದ್ದಿ ಬರುತ್ತದೆಂಬುದು ಅವರಿಗೆ ಗೊತ್ತಿತ್ತು. ತಂತಿಯನ್ನು ಮಡಿಸಿ ಕೋಟಿನ ಜೇಬಿಗೆ ಹಾಕಿಕೊಂಡರು. ಆದಿಲಕ್ಷ್ಮಮ್ಮ ಆ ದಿನವೂ ಮರುದಿನವೂ ಪಂಕ್ತಿಗೆ ಪಾಯಸ ಬಡಿಸಿದಳು, ಬೀಗರನ್ನು ಹಾಸ್ಯ ಮಾಡಿ ನಗಿಸಿದಳು, ಸೋಬಾನೆ ಹೇಳಿದಳು. ಹೆಣ್ಣನ್ನು ಒಪ್ಪಿಸಿಕೊಟ್ಟ ಮೇಲೆ ಚೆನ್ನರಾಯಪ್ಪನವರು ಜೇಬಿನಿಂದ ಕಾಗದ ತೆಗೆದರು. ಆಕೆ ಆಸ್ಪತ್ರೆಗೆ ಹೋದಾಗ ಅಲ್ಲಿಯ ಜಗಲಿಯಲ್ಲಿ ಗಂಡನ ಮೇಲೆ ಬಿಳಿಯ ದುಪ್ಪಟಿ ಹೊದಿಸಿತ್ತು. ಬಾಯಿಗೆ ಕಡೆಯ ನೀರು ಬಿಟ್ಟವಳು ಪಕ್ಕದ ಮಂಚದ ರೋಗಿಯ ಹೆಂಡತಿ, ಗುರುತು ಪರಿಚಯವಿಲ್ಲದವಳು.

ಚೆನ್ನರಾಯಪ್ಪನವರು ಮಾಡಿದ್ದು ತಪ್ಪೆಂದು ಊರಿನಲ್ಲಿ ಒಬ್ಬರೂ ಅನ್ನಲಿಲ್ಲ. ಹಿರಿಯರು ಮಾಡಬೇಕಾದದ್ದೇ ಅದು ಎಂದರು. ಬೇರೆಯವರ ಮನೆಯ ವಿಷಯವಾಗಿದ್ದರೆ ಆದಿಲಕ್ಷ್ಮಮ್ಮನೂ ಹಾಗೆಯೇ ಅನ್ನುತ್ತಿದ್ದಳೇನೋ. ಆಗ ಆಕೆ ಜಗಳವಾಡಲಿಲ್ಲ. ಕೈವಾರಕ್ಕೆ ಹೋಗಿ ಯೋಗಿ ತಾತಯ್ಯನವರ ಸನ್ನಿಧಿಯಲ್ಲಿ ಕೂತು, ಅಲ್ಲಿ ಏನು ಬೇಡಿಕೊಂಡಳೋ, ಬಂದಳು.

ಈಗ ಚೆನ್ನರಾಯಪ್ಪನವರ ಕಿರಿಮಗಳ ಮದುವೆ ಕೂಡಿಬಂದಿತ್ತು. ಹಾಗೆಯೇ ಇನ್ನೊಂದು ಸಂಕಟವೂ ಕೂಡಿಬಂದಿತ್ತು. ಅವರ ತೀರಿಹೋದ ತಮ್ಮನ ಮಗ ವೆಂಕಟರಾಮಪ್ಪ ಕಾಮಾಲೆ ಹೆಚ್ಚಾಗಿ ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿದ್ದ. ತಂದೆಯಿಲ್ಲದ ಆ ಹುಡುಗನನ್ನು ಹೆಗಲ ಮೇಲೆ ಹೊತ್ತು ಸಾಕಿದವರು ಚೆನ್ನರಾಯಪ್ಪನವರೇ. ವೆಂಕಟರಾಮಪ್ಪನ ಹೆಂಡತಿ ಶ್ಯಾಮಲಮ್ಮ ಗಂಡನ ಬಳಿ ಇದ್ದಳು. ಅವಳನ್ನು "ಮನೆ ಸೊಸೆ ನೀನು, ಕಳಸ ಹಿಡಿಯೋಕೆ ಬೇರೆ ಯಾರಮ್ಮ ಇದಾರೆ, ಮುಹೂರ್ತ ಮುಗಿಸಿ ಹೋಗು" ಎಂದು ಕರೆಸಿಕೊಂಡಿದ್ದರು. ರೋಗಿಯ ಹತ್ತಿರ ಅವಳ ಅಣ್ಣ ನರಸಿಂಹಪ್ಪ ಉಳಿದಿದ್ದ. ಹೆಚ್ಚುಕಡಿಮೆಯಾದರೆ ಫೋನು ಮಾಡುತ್ತೇನೆ ಎಂದು ಹೇಳಿ ತಂಗಿಯನ್ನು ಬಸ್ಸು ಹತ್ತಿಸಿದ್ದ.

ಮದುವೆಯ ವಾರದಲ್ಲಿ ಚೆನ್ನರಾಯಪ್ಪನವರು ಪೋಸ್ಟಾಫೀಸಿನ ಜಗಲಿಗೆ ಬಂದು ಕೂತರು. ಗಂಡನ ಅಣ್ಣನ ಎದುರಿಗೆ ನಿಂತು ಮಾತಾಡುವ ಪದ್ಧತಿ ಆ ಮನೆತನದಲ್ಲಿಲ್ಲ. ಆದಿಲಕ್ಷ್ಮಮ್ಮ ಬಾಗಿಲ ಹಿಂದೆ ನಿಂತಳು. ನಡುವೆ ವೆಂಕಟೇಶ ಎಕ್ಸ್‌ಚೇಂಜಿನ ಹಾಗೆ ಕೂತಿದ್ದ.

"ವೆಂಕಟೇಶಾ, ನಿಮ್ಮಮ್ಮನಿಗೆ ಹೇಳಪ್ಪ. ಚಪ್ಪರದ ದಿನದಿಂದ ಹೆಣ್ಣು ಒಪ್ಪಿಸಿಕೊಡೋವರೆಗೆ ಆಸ್ಪತ್ರೆ ಕಡೆಯಿಂದ ಏನೇ ಬಂದ್ರೂ ಮೊದಲು ನನ್ನ ಕಿವಿಗೆ ಬೀಳ್ಬೇಕು. ಯಾವಾಗ ಹೇಳ್ಬೇಕು ಅಂತ ನಾನು ನೋಡ್ಕೋತೀನಿ."

"ಆಗ್ಲಿ ದೊಡ್ಡಪ್ಪ" ಎಂದ ವೆಂಕಟೇಶ.

ಬಾಗಿಲ ಹಿಂದಿನಿಂದ ದನಿ ಬಂತು. "ಆಗಲ್ಲ ಅಂತ ಹೇಳಪ್ಪ ವೆಂಕಟೇಶ. ಯಾರ ಹೆಸರಿಗೆ ಬರುತ್ತೋ ಅವರಿಗೆ ಹೇಳ್ತೀವಿ."

ಚೆನ್ನರಾಯಪ್ಪನವರು ಹೆಗಲ ಟವಲ್ಲನ್ನು ತೆಗೆದು ತೊಡೆಯ ಮೇಲೆ ಹಾಕಿಕೊಂಡರು. "ಏನಂತೆ, ತಾಳಿ ಕಟ್ಟೋ ಹೊತ್ತಲ್ಲಿ ಬಂದ್ರೂ ಹೇಳ್ತಾಳಂತಾ? ಕೇಳು."

"ಹೇಳ್ತೀನಿ ಅಂತ ಹೇಳು."

"ಮನೆಗೆ ಹಿರಿಯ ಅಂತ ಒಬ್ಬ ಇರೋದು ಯಾಕಂತೆ? ಕೆಟ್ಟದ್ದು ಬಂದ್ರೆ ಮೊದಲು ಎದೆ ಕೊಡೋಕಲ್ವಾ?"

"ಎದೆ ಕೊಟ್ರೆ ಸಂತೋಷ. ಜೇಬು ಕೊಡೋದು ಬೇಡ ಅಂತ ಹೇಳು."

ವೆಂಕಟೇಶ ಎರಡೂ ಕಡೆ ನೋಡಿದ. ಅವನು ದಾಟಿಸುವ ಅಗತ್ಯವೇ ಇರಲಿಲ್ಲ. ಚೆನ್ನರಾಯಪ್ಪನವರು ಎದ್ದು ಮೆಟ್ಟಿಲಿಳಿಯುತ್ತ, "ಪೋಸ್ಟಾಫೀಸು ಈ ಮನೇಲೇ ಇರ್ಬೇಕು ಅಂತ ಸರ್ಕಾರ ಶಾಸನ ಬರ್ಕೊಟ್ಟಿಲ್ಲ ಕಣೋ, ಮೇಲಿನವರಿಗೆ ಬರೀತೀನಿ" ಎಂದರು. ಆ ಮಾತು ಹುಡುಗನಿಗೆ ಹೇಳಿದ್ದಲ್ಲ.

ಚಪ್ಪರದ ದಿನ ಬೆಳಗ್ಗೆಯಿಂದ ಫೋನು ಒಂದು ಸಲವೂ ಬಾರಿಸಲಿಲ್ಲ. ಷರೀಫ್ ಸಾಹೇಬರ ಎರಡು ಗಿಡ್ಡ ಗಂಟೆ ದಿನವೂ ಗೂಡಿನ ಮಾರುಕಟ್ಟೆಯ ಹೊತ್ತಿಗೆ ಹೊಡೆಯಲೇಬೇಕು. ಅದೂ ಇಲ್ಲ. ಆದಿಲಕ್ಷ್ಮಮ್ಮ ರಿಸೀವರ್ ಎತ್ತಿ ಕಿವಿಗಿಟ್ಟಳು. ಒಳಗಿನಿಂದ ಒಂದು ಮದುವೆಯ ಮನೆಯೇ ಕೇಳಿಸಿತು. ಕಡಾಯಿಯ ಸದ್ದು, ಮಕ್ಕಳ ಕೂಗಾಟ, ಯಾರೋ ಬಾಳೆಎಲೆ ಎಣಿಸುತ್ತಿರುವುದು. ಚೆನ್ನರಾಯಪ್ಪನವರು ತಮ್ಮ ಫೋನಿನ ರಿಸೀವರನ್ನು ತೆಗೆದು ಮೇಜಿನ ಮೇಲೆ ಮಲಗಿಸಿದ್ದರು. ಒಂದು ಮನೆಯಲ್ಲಿ ರಿಸೀವರ್ ಎತ್ತಿಟ್ಟರೆ ಇಡೀ ತಂತಿಯ ಗಂಟೆಗಳು ಸಾಯುತ್ತವೆ ಎಂಬುದು ಅವರಿಗೆ ಗೊತ್ತಿತ್ತು. ಎತ್ತಿಟ್ಟ ರಿಸೀವರಿನ ಬಾಯಿ ತೆರೆದೇ ಇರುತ್ತದೆ, ಕೋಣೆಯ ಮಾತೆಲ್ಲ ತಂತಿಗೆ ಇಳಿಯುತ್ತದೆ ಎಂಬುದು ಮಾತ್ರ ಹೊಳೆದಿರಲಿಲ್ಲ.

ಅವರ ಹೆಂಡತಿ ಮುನಿಶಾಮಮ್ಮನ ದನಿ ಕೇಳಿಸಿತು. "ಇದೇನ್ರೀ ಇದು, ಹಿಂಗೆ ಬಿದ್ದಿದೆ."

"ಮುಟ್ಬೇಡ ಅದನ್ನ. ಹಂಗೇ ಮಲಗಿರ್ಲಿ. ಅದು ಮಲಗಿದ್ರೆ ಪೋಸ್ಟಾಫೀಸಿನ ಗಂಟೇನೂ ಮಲಗಿರುತ್ತೆ."

"ಅಲ್ಲಾ, ಪಾಪ, ಶ್ಯಾಮಲನ ಗಂಡನಿಗೆ ಏನಾದ್ರೂ ಆದ್ರೆ?"

"ಆದ್ರೆ ನಾಳೆ ಊಟ ಮುಗಿದ್ಮೇಲೆ ಆಗುತ್ತೆ. ನಮಗೆ ಗೊತ್ತಾದಾಗ ತಾನೆ ಆಗೋದು."

ಆದಿಲಕ್ಷ್ಮಮ್ಮ ಆ ಮಾತನ್ನು ಪೂರ್ತಿ ಕೇಳಿಸಿಕೊಂಡಳು. ಇಷ್ಟು ದಿನ ಆ ದೊಡ್ಡ ಮನುಷ್ಯರ ಮನಸ್ಸಿನಲ್ಲಿ ತನ್ನ ಗಂಡನ ಸಾವು ಎಂಥ ಭಾರವಾಗಿ ಕೂತಿದೆಯೋ ಎಂದು ಕೆಲವು ಸಲ ಮರುಗಿದ್ದಳು. ಅವರ ಲೆಕ್ಕದಲ್ಲಿ ಅದು ನಡೆದದ್ದೇ ಹೆಣ್ಣು ಒಪ್ಪಿಸಿಕೊಟ್ಟ ಮೇಲೆ.

ಹಿಂದೆ ಒಂದು ಸಲ ಷರೀಫ್ ಸಾಹೇಬರ ಷೆಡ್ಡಿನವರು ಮರೆತು ರಿಸೀವರ್ ಎತ್ತಿಟ್ಟಿದ್ದಾಗ ಬಾಬಾಜಾನ್ ಹೇಳಿದ್ದ. "ಅಮ್ಮಾ, ಹಂಗೆ ಎತ್ತಿಟ್ರೆ ನನ್ನ ಗಂಟೆ ನಿಮಗೆ ಮುಟ್ಟಲ್ಲ. ಆದ್ರೆ ದನಿ ಮುಟ್ಟುತ್ತೆ. ನೀವು ಕಿವಿಗಿಟ್ಕೊಂಡಿದ್ರೆ ನಾನು ಕೂಗಿದ್ದು ಕೇಳುತ್ತೆ." ಆದಿಲಕ್ಷ್ಮಮ್ಮ ಒಂದು ಮಣೆ ತಂದು ಫೋನಿನ ಕೆಳಗೆ ಹಾಕಿಕೊಂಡಳು. ಎಡಗೈಯಲ್ಲಿ ರಿಸೀವರ್, ಬಲಗೈಯಲ್ಲಿ ಜಪಮಣಿ. ಗಂಟೆ ಸತ್ತರೆ ಸಾಯಲಿ, ಕಿವಿ ಸತ್ತಿಲ್ಲ ಎಂದುಕೊಂಡು ಕೂತಳು.

ಸ್ಟಾಂಪು ಕೊಳ್ಳಲು ಬಂದ ಎದುರುಮನೆಯ ಪೆದ್ದಮ್ಮ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಏನಕ್ಕಾ, ಜಪ ಮಾಡೋದೂ ಫೋನಿನಲ್ಲೇನಾ? ಎತ್ಕೊಂಡ್ನಾ ನಾರಾಯಣ?"

"ಎತ್ಕೊಂಡ್ರೆ ನಿನ್ನನ್ನೂ ಕರೀತೀನಿ ಕಣೇ. ನಿನ್ನ ಮಂಡಿನೋವು ನೀನೇ ಹೇಳ್ಕೊ."

"ನನ್ನ ಮಂಡಿ ಸರಿಯಾಗ್ಲಿ ಬಿಡು. ನಿನ್ನ ಕತ್ತು ಹಿಡ್ಕೊಳುತ್ತೆ ನೋಡು."

ಕತ್ತು ಹಿಡಿದುಕೊಂಡಿತು. ಕಿವಿ ಬಿಸಿಯಾಯಿತು. ಆಕೆ ಕೈ ಬದಲಿಸಿದಳು, ಕಿವಿ ಬದಲಿಸಿದಳು, ರಿಸೀವರ್ ಇಳಿಸಲಿಲ್ಲ. ಊಟಕ್ಕೆ ಬಂದ ವೆಂಕಟೇಶ ಬಾಗಿಲಲ್ಲೇ ನಿಂತ.

"ಅಮ್ಮಾ, ಊರೆಲ್ಲಾ ಆಡ್ಕೊಳ್ತಿದಾರೆ. ಇಡು ಕೆಳಗೆ. ದೊಡ್ಡಪ್ಪ ಬರೆದು ಹಾಕಿದ್ರೆ ಪೋಸ್ಟಾಫೀಸು ಹೋಗುತ್ತೆ."

"ಹೋಗ್ಲಿ. ನಿಮ್ಮಪ್ಪನೇ ಹೋದ್ರು. ಪೋಸ್ಟಾಫೀಸು ಹೋಗೋದು ಅದಕ್ಕಿಂತ ದೊಡ್ಡದಾ?"

"ನಾಳೆ ಮದುವೆಗೆ ನಾನು ಹೋಗ್ಲೇಬೇಕಲ್ಲಮ್ಮ. ಅವರ ಮುಖ ಹೇಗೆ ನೋಡ್ಲಿ?"

"ಹೋಗಪ್ಪ. ಉಂಡು ಬಾ. ನಿನ್ನ ಮುಖಕ್ಕೇನಾಗಿದೆ, ಚೆನ್ನಾಗೇ ಇದೆ."

ಮಧ್ಯಾಹ್ನವೆಲ್ಲ ಆಕೆ ಆ ಮನೆಯನ್ನು ಕೇಳುತ್ತ ಕೂತಳು. ತಾಳಿಯಿಲ್ಲದ ಹೆಂಗಸು ಮದುವೆಯ ಮನೆಯ ಹೊಸ್ತಿಲು ತುಳಿಯಬಾರದೆಂದು ಕರೆಯದೆ ಬಿಟ್ಟಿದ್ದ ಮನೆ ಅದು. ಈಗ ಅದೇ ಆಕೆಯ ಕಿವಿಯೊಳಗೆ ಬಂದು ಕೂತಿತ್ತು. ಬಳೆಗಾರ ಬಂದದ್ದು ಕೇಳಿಸಿತು. ಶ್ಯಾಮಲಮ್ಮ ಹಸಿರು ಬಳೆ ತೊಡಿಸಿಕೊಳ್ಳುತ್ತ, ಬಿಗಿಯಾಯಿತೆಂದು ನಕ್ಕದ್ದು ಕೇಳಿಸಿತು. ಆ ನಗುವನ್ನು ಆಕೆಗೆ ಸಹಿಸಲಾಗಲಿಲ್ಲ. ಅಂದು ಪಂಕ್ತಿಯಲ್ಲಿ ನಗುತ್ತಿದ್ದ ಆದಿಲಕ್ಷ್ಮಮ್ಮನನ್ನು ಯಾರೋ ತಂತಿಯ ಆ ತುದಿಯಲ್ಲಿ ಕೂಡಿಹಾಕಿದ ಹಾಗಾಯಿತು. ಸಂಜೆ ಎಕ್ಸ್‌ಚೇಂಜು ಮುಚ್ಚುವ ಹೊತ್ತಿಗೆ ರಿಸೀವರ್ ಇಟ್ಟು, ದೇವರ ಮುಂದೆ ದೀಪ ಹಚ್ಚಿ, ನಾಳೆಯೂ ಕೂರುವ ಶಕ್ತಿ ಕೊಡಪ್ಪಾ ಎಂದಳು.

ಮರುದಿನ ಎಕ್ಸ್‌ಚೇಂಜು ತೆರೆಯುವ ಮೊದಲೇ ಮಣೆ ಹಾಕಿಕೊಂಡಳು. ತಂತಿಯಲ್ಲಿ ಓಲಗ ಶುರುವಾಗಿತ್ತು. ವೆಂಕಟೇಶ ಪಂಚೆ ಉಟ್ಟು, ತಾಯಿಯ ಕಡೆ ನೋಡದೆ ಹೋದ. ಬಿಸಿಲು ಜಗಲಿಯ ಅಂಚಿಗೆ ಬರುವ ಹೊತ್ತಿಗೆ ಕಿವಿಯಲ್ಲಿ ಕಟ್ಟೆಂದು ಸದ್ದಾಯಿತು. ಓಲಗದ ನಡುವೆ ಬಾಬಾಜಾನನ ದನಿ, ಚಿಕ್ಕಬಳ್ಳಾಪುರದ ಎಕ್ಸ್‌ಚೇಂಜಿಗೆ ಹೇಳುತ್ತಿದ್ದ.

"ಗಂಟೆ ಹೋಗ್ತಾನೇ ಇಲ್ಲ ಚಿಕ್ಕಬಳ್ಳಾಪುರ. ಲೈನು ಸತ್ತಿದೆ. ಸಾಯಂಕಾಲ ನೋಡಿ."

"ಬಾಬಾಜಾನ್, ಸತ್ತಿಲ್ಲ ಕಣಪ್ಪ. ನಾನಿದೀನಿ."

"ಅಮ್ಮಾ? ಹಿಡಿ ತಿರುಗಿಸಿ ತಿರುಗಿಸಿ ಕೈ ಬಿದ್ದೋಯ್ತು ನಂದು. ಏನಿದು ಓಲಗ? ನಿಮ್ಮನೇಲಿ ಮದುವೇನಾ?"

"ನಮ್ಮನೇಲಲ್ಲ. ಚಿಕ್ಕಬಳ್ಳಾಪುರ ಅಂದ್ಯಲ್ಲ, ಕೊಡಪ್ಪ ಬೇಗ."

ಬಹಳ ದೂರದಿಂದ, ಬಾವಿಯ ತಳದಿಂದ ಬಂದ ಹಾಗೆ ನರಸಿಂಹಪ್ಪನ ದನಿ ಬಂತು. ಮಾತು ಕೇಳಿಸುತ್ತಿಲ್ಲ, ಓಲಗ ಕೇಳಿಸುತ್ತಿದೆ. ಆಕೆ ಇನ್ನೊಂದು ಕಿವಿಯನ್ನು ಅಂಗೈಯಿಂದ ಒತ್ತಿ ಹಿಡಿದು "ಏನು, ಏನಪ್ಪಾ?" ಎಂದು ಕೂಗಿದಳು. ಆಗ ಬಾಬಾಜಾನ್ ನಡುವೆ ನಿಂತು ಆ ಕಡೆಯ ಒಂದೊಂದು ಮಾತನ್ನೂ ಎತ್ತಿ ಈ ಕಡೆ ಕೊಟ್ಟ. "ಭಾವನಿಗೆ ಬೆಳಗಿನಿಂದ ಜಾಸ್ತಿಯಾಗಿದೆಯಂತೆ ಅಮ್ಮಾ. ಡಾಕ್ಟರು ಇವತ್ತೇ ಕರೆಸಿ ಅಂದ್ರಂತೆ. ನಾಳೆಗೆ ಹೇಳಕ್ಕಾಗಲ್ಲ ಅಂತೆ. ಶ್ಯಾಮಲಾ ಎಲ್ಲಿ, ಶ್ಯಾಮಲಾ ಎಲ್ಲಿ ಅಂತಾನೇ ಇದಾರಂತೆ." ಅಷ್ಟು ಹೇಳಿ, ತನ್ನ ಮಾತಾಗಿ, "ಬೇಗ ಕಳಿಸಿಕೊಡಿ ಅಮ್ಮಾ" ಎಂದ.

ಆದಿಲಕ್ಷ್ಮಮ್ಮ ರಿಸೀವರ್ ಇಟ್ಟಳು. ಕಳಿಸಲು ಮನೆಯಲ್ಲಿ ಯಾರೂ ಇರಲಿಲ್ಲ. ಬೀದಿಯಲ್ಲಿಯೂ ಯಾರೂ ಇರಲಿಲ್ಲ, ಊರೆಲ್ಲ ಚಪ್ಪರದಲ್ಲಿತ್ತು. ಹೋಗಬೇಕಾದವಳು ತಾನು.

ಹೊಸ್ತಿಲ ಹತ್ತಿರ ಬಂದು ನಿಂತಳು. ಚೆನ್ನರಾಯಪ್ಪನವರ ಭಯ ಆಕೆಗಿರಲಿಲ್ಲ. ಬೇರೆ ಅಳುಕು ಇತ್ತು. ವಿಧವೆಯಾದ ಮೇಲೆ ಮದುವೆಯ ಮೆರವಣಿಗೆ ಎದುರಾದರೆ ತಾನೇ ಪಕ್ಕದ ಸಂದಿಗೆ ಸರಿದು ನಿಲ್ಲುತ್ತಿದ್ದವಳು ಆಕೆ. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ತಾನೇ ನಂಬಿದ್ದಳು. ಆ ಹೆಣ್ಣುಮಗುವಿನ ಬಾಳಿಗೆ ತನ್ನ ನೆರಳಿನಿಂದ ಕೇಡಾದರೆ? ಗೋಡೆಯ ಮೇಲಿದ್ದ ತಾತಯ್ಯನವರ ಪಟವನ್ನು ನೋಡಿದಳು. ತಾಳಿ ಕಟ್ಟುವಾಗ ಕರೆಯುವುದೂ ನಾರಾಯಣನನ್ನೇ, ಬಾಯಿಗೆ ನೀರು ಬಿಡುವಾಗ ಕರೆಯುವುದೂ ನಾರಾಯಣನನ್ನೇ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಬಾರದೆಂದು ಅವನೇನೂ ಹೇಳಿಲ್ಲ. ನಾರಾಯಣಾ, ಪಾಪವಿದ್ದರೆ ನನ್ನ ತಲೆಗೆ ಬರಲಿ ಎಂದು ಸೆರಗು ಹೊದ್ದು ಹೊರಟಳು.

ದಾರಿಯಲ್ಲಿ ಷರೀಫ್ ಸಾಹೇಬರು ಷೆಡ್ಡಿನ ಕಡೆಯಿಂದ ಓಡೋಡಿ ಬರುತ್ತಿದ್ದರು. ನೂಲು ಬಿಚ್ಚುವ ಬಿಸಿನೀರಿನ ವಾಸನೆ ಅವರ ಬಟ್ಟೆಗೆ ಹತ್ತಿತ್ತು.

"ಅಮ್ಮಾ, ನನ್ನ ಗಂಟೆ ಅಲ್ಲ, ತಪ್ಪು ತಿಳ್ಕೋಬೇಡಿ. ಲೈನು ಸರಿಯಾಯ್ತಾ ನೋಡಣ ಅಂತ ಎತ್ತಿದೆ. ಎಲ್ಲಾ ಕೇಳಿಸ್ಕೊಂಡೆ. ಗೂಡಿನ ವ್ಯಾನು ಇದೆ, ಚಪ್ಪರದ ಮುಂದೆ ತಂದು ನಿಲ್ಲಿಸ್ತೀನಿ."

"ವಾಸನೆ ಹೊಡೆಯುತ್ತೇನೋ ಸಾಹೇಬ್ರೇ."

"ಹೊಡೆಯುತ್ತೆ ಅಮ್ಮಾ. ಆದ್ರೆ ಓಡುತ್ತೆ."

ಆಕೆ ಚಪ್ಪರದೊಳಗೆ ಕಾಲಿಟ್ಟ ಕೂಡಲೇ ಹತ್ತಿರದ ಹೆಂಗಸರ ಮಾತು ನಿಂತಿತು. ಆ ಮೌನ ಚಾಪೆಯಿಂದ ಚಾಪೆಗೆ ಹೋಯಿತು. ಓಲಗದವನೊಬ್ಬ ಬಾಯಿಂದ ನಾಗಸ್ವರ ತೆಗೆದ. ಗಂಡು ಹಸೆಮಣೆಯ ಮೇಲಿದ್ದ. ಹೆಣ್ಣನ್ನು ಕರೆತರುತ್ತಿದ್ದರು, ಮುಂದೆ ಶ್ಯಾಮಲಮ್ಮ ಕಳಸ ಹಿಡಿದು ಬರುತ್ತಿದ್ದಳು. ವೆಂಕಟೇಶ ಕಂಬದ ಹಿಂದೆ ಹೋದ. ಚೆನ್ನರಾಯಪ್ಪನವರು ಪೇಟ ಸರಿಮಾಡಿಕೊಳ್ಳುತ್ತ ಅಡ್ಡ ಬಂದರು.

"ಹಿತ್ತಿಲ ಬಾಗಿಲಿಗೆ ಬಾಮ್ಮ. ಏನಿದ್ರೂ ಅಲ್ಲಿ ಮಾತಾಡಣ."

ಆದಿಲಕ್ಷ್ಮಮ್ಮ ಮದುವೆಯಾಗಿ ಆ ಊರಿಗೆ ಬಂದ ಮೇಲೆ ಅವರ ಮುಖ ನೋಡಿ ಆಡಿದ ಮೊದಲ ಮಾತು ಇದು. "ನಿಮ್ಮ ಹತ್ರ ಮಾತಿಲ್ಲ ಭಾವ. ಫೋನು ಶ್ಯಾಮಲನಿಗೆ ಬಂದಿದೆ."

ಅವರ ದನಿ ತಗ್ಗಿತು. "ನೋಡು, ಇನ್ನೊಂದು ಗಳಿಗೆ. ತಾಳಿ ಕಟ್ಟಿದ ಕೂಡ್ಲೆ ನಾನೇ ಹೇಳ್ತೀನಿ. ದೇವರಾಣೆ."

"ನನ್ನ ಕಾಗದಾನೂ ಹಂಗೇ ಇಟ್ಕೊಂಡ್ರಿ. ಗಳಿಗೆ ಕಳೆದು ಹೊತ್ತಾಯ್ತು, ಹೊತ್ತು ಕಳೆದು ದಿನ ಆಯ್ತು. ದಾರಿ ಬಿಡಿ."

"ಆ ಹುಡುಗಿ ಕೈಲಿ ಕಳಸ ಇದೆ. ಕಣ್ಣಿಗೆ ಕಾಣ್ಸಲ್ವಾ ನಿನಗೆ?"

"ಕಾಣಿಸ್ತಾ ಇದೆ. ಅದಕ್ಕೇ ಬಂದೆ."

ಅವರು ದಾರಿ ಬಿಡಲಿಲ್ಲ. ಆಕೆ ಅವರ ಭುಜದಾಚೆ ನೋಡುತ್ತ, ಚಪ್ಪರದ ಕೊನೆಯವರೆಗೂ ಕೇಳುವ ಹಾಗೆ ಹೇಳಿದಳು. "ಶ್ಯಾಮಲಾ, ಇಲ್ಲಿ ನೋಡಮ್ಮ. ನಿನ್ನ ಗಂಡ ಬದುಕಿದಾನೆ. ನಿನ್ನ ಹೆಸರು ಹಿಡಿದು ಕರೀತಿದಾನೆ. ಜಾಸ್ತಿಯಾಗಿದೆ, ಇವತ್ತೇ ಬರಬೇಕು ಅಂತ ನಿಮ್ಮಣ್ಣ ಫೋನು ಮಾಡಿದ. ಹೊರಗಡೆ ವ್ಯಾನು ನಿಂತಿದೆ. ಹೋಗ್ತೀಯೋ, ತಾಳಿ ಕಟ್ಟಿದ ಮೇಲೆ ಹೋಗ್ತೀಯೋ, ಅದು ನಿನ್ನ ಇಷ್ಟ. ಸುದ್ದಿ ಮಾತ್ರ ನಿಂದು, ನಿನಗೆ ಮುಟ್ಟಿಸಿದೀನಿ."

ಶ್ಯಾಮಲಮ್ಮ ಕಳಸವನ್ನು ಇಳಿಸಬೇಕೋ ಬೇಡವೋ ತಿಳಿಯದೆ ಸುತ್ತ ನೋಡಿದಳು. ನೆಲಕ್ಕಿಟ್ಟರೆ ಅಪಶಕುನ, ಹಿಡಿದು ನಿಂತರೆ ಹೋಗುವ ಹಾಗಿಲ್ಲ. ಯಾರೂ ಮುಂದೆ ಬರಲಿಲ್ಲ. ಆಗ ಹೆಣ್ಣಿನ ತಾಯಿ ಮುನಿಶಾಮಮ್ಮ ಗಂಡನ ಪಕ್ಕದಿಂದ ದಾಟಿ ಹೋದಳು. ಎರಡೂ ಕೈ ಚಾಚಿ ಕಳಸವನ್ನು ತೆಗೆದುಕೊಂಡಳು.

"ಕೊಡಮ್ಮ, ನಾನು ಹಿಡ್ಕೋತೀನಿ. ನಿಂಗೆ ಪುಣ್ಯ ಬರ್ಲಿ, ಹೋಗು."

"ಮುನಿಶಾಮಿ" ಎಂದು ಹೆಂಡತಿಯನ್ನು ಗದರಿದರು ಚೆನ್ನರಾಯಪ್ಪನವರು.

"ನೀವು ಸುಮ್ನಿರಿ. ಪುರೋಹಿತರೇ, ಹೊತ್ತಾಗ್ತಾ ಇದೆ, ನಡೆಸಿ."

ಶ್ಯಾಮಲಮ್ಮ ಓಡಿದಳು. ಕೈಯ ಹೊಸ ಬಳೆಗಳ ಸದ್ದು ವ್ಯಾನಿನ ಬಾಗಿಲು ಮುಚ್ಚುವವರೆಗೂ ಕೇಳಿಸಿತು. ಓಲಗ ಮತ್ತೆ ಶುರುವಾಯಿತು. ಹೆಣ್ಣಿನ ಕೊರಳಿಗೆ ಹೊತ್ತಿಗೆ ಸರಿಯಾಗಿ ತಾಳಿ ಬಿತ್ತು. ಆದಿಲಕ್ಷ್ಮಮ್ಮ ಅಷ್ಟು ಹೊತ್ತಿಗೆ ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡು, ಆ ದಂಪತಿಗಳಿಗೆ ಒಳ್ಳೆಯದಾಗಲೆಂದು ದೇವರಿಗೆ ಎರಡನೆಯ ಸಲ ದೀಪ ಹಚ್ಚುತ್ತಿದ್ದಳು.

ವೆಂಕಟರಾಮಪ್ಪ ಉಳಿಯಲಿಲ್ಲ. ಮದುವೆ ಕಳೆದ ಕೆಲವು ದಿನಗಳ ಮೇಲೆ, ಹೆಂಡತಿಯ ತೊಡೆಯ ಮೇಲೆ ತಲೆಯಿಟ್ಟು ಹೋದ. ಕರ್ಮಗಳೆಲ್ಲ ಮುಗಿದ ಮೇಲೆ ಶ್ಯಾಮಲಮ್ಮ ಒಂದು ಸಂಜೆ ಬಂದು ಪೋಸ್ಟಾಫೀಸಿನ ಕೋಣೆಯಲ್ಲಿ ನೆಲದ ಮೇಲೆ ಕೂತಳು.

"ಚಿಕ್ಕತ್ತೆ, ನಾನು ಹೋದ ದಿನ ಚೆನ್ನಾಗಿ ಮಾತಾಡಿದ್ರು. ಬಳೆ ನೋಡಿ ಎಷ್ಟು ಕೊಟ್ಟೆ, ಮೋಸ ಹೋದೆ ಅಂದ್ರು. ಆಮೇಲಾಮೇಲೆ ಮಾತು ಹೋಯ್ತು. ನೀರು ನಾನೇ ಬಿಟ್ಟೆ."

ಆದಿಲಕ್ಷ್ಮಮ್ಮ ಅವಳ ತಲೆ ಸವರಿದಳು. ತನ್ನ ಗಂಡ ಹೋದಾಗಿನಿಂದ ಅವರಿವರು ಬಂದು ಅತ್ತಾಗಲೆಲ್ಲ ಒಣಗಿದ ಕಣ್ಣಿನಲ್ಲಿ ಕೂತಿದ್ದವಳು, ಈಗ ಆ ಹುಡುಗಿಯ ಜೊತೆ ಕೂತು ಅತ್ತಳು.

"ಇನ್ನೊಂದು ಮಾತು ಅಂದ್ರು ಚಿಕ್ಕತ್ತೆ. ದೊಡ್ಡಪ್ಪ ಮದುವೆ ಗಲಾಟೇಲಿ ಬರಕ್ಕಾಗಿಲ್ಲ, ಅದಕ್ಕೆ ಬೇಜಾರು ಮಾಡ್ಕೋಬೇಡಿ ಅಂತ ಅವರಿಗೆ ಹೇಳು ಅಂದ್ರು. ಅವರು ಇನ್ನೂ ನನ್ನ ಮುಂದೆ ಬಂದಿಲ್ಲ. ಬಂದು ಕೇಳಿದ್ರೆ ಹೇಳ್ತೀನಿ. ನಾನಾಗಿ ಹೋಗಿ ಹೇಳಲ್ಲ."

"ಬೇಡ" ಎಂದಳು ಆದಿಲಕ್ಷ್ಮಮ್ಮ.

ಚೆನ್ನರಾಯಪ್ಪನವರು ನಿಜವಾಗಿಯೂ ಬರೆದು ಹಾಕಿದ್ದರು. ಮೇಲಿನಿಂದ ಒಬ್ಬ ಅಧಿಕಾರಿ ಬಂದು, ಫೋನನ್ನು ಎರಡು ದಿನ ಸಾರ್ವಜನಿಕರಿಗೆ ಕೊಡದೆ ಹಿಡಿದುಕೊಂಡು ಕೂತಿದ್ದು ನಿಜವೇ ಎಂದು ಕೇಳಿದ. ನಿಜ ಎಂದಳು ಆದಿಲಕ್ಷ್ಮಮ್ಮ. ಯಾಕೆ ಎಂದ. ಗಂಟೆಯನ್ನು ಮಲಗಿಸಿದ್ದರು, ಅದಕ್ಕೆ ಎಂದಳು. ಯಾರು ಎಂದಾಗ, ನಿಮಗೆ ಅರ್ಜಿ ಬರೆದವರನ್ನೇ ಕೇಳಿ ಎಂದಳು. ಪೋಸ್ಟಾಫೀಸನ್ನು ಕಿತ್ತುಕೊಂಡು ಹೋದರೂ ಮತ್ತೆ ಹಾಗೆಯೇ ಕೂರುತ್ತೇನೆ, ಕೂರುವುದಕ್ಕೆ ಇನ್ನೊಂದು ಜಗಲಿ ಹುಡುಕುತ್ತೇನೆ ಎಂದೂ ಸೇರಿಸಿದಳು. ಅಧಿಕಾರಿ ಕಾಫಿ ಕುಡಿದು ಹೋದ. ಏನು ಬರೆದುಕೊಂಡನೋ, ಪೋಸ್ಟಾಫೀಸಂತೂ ಅಲ್ಲಿಯೇ ಉಳಿಯಿತು.

ಅದಾದ ಮೇಲೆ ಒಂದು ಮಧ್ಯಾಹ್ನ ಚೆನ್ನರಾಯಪ್ಪನವರೇ ಬಂದರು. ವೆಂಕಟೇಶ ಶಾಲೆಯಲ್ಲಿದ್ದ. ಜಗಲಿಯ ಮೇಲೆ ಕೂರಲಿಲ್ಲ, ಕಂಬ ಹಿಡಿದು ನಿಂತರು. ಆದಿಲಕ್ಷ್ಮಮ್ಮ ಕಾಗದಗಳಿಗೆ ಮುದ್ರೆ ಒತ್ತುತ್ತಿದ್ದವಳು ಎದ್ದು ನಿಂತಳು.

"ನಿನ್ನ ಮೇಲೆ ಬರೆದೆ ಅಂತ ಸಿಟ್ಟಿರಬಹುದು" ಎಂದರು.

"ಇಲ್ಲ ಭಾವ. ನೀವು ಬರೀತೀನಿ ಅಂದ್ರಿ, ಬರೆದ್ರಿ. ನಾನು ಹೇಳ್ತೀನಿ ಅಂದೆ, ಹೇಳಿದೆ."

"ನಾನು ಮಾಡಿದ್ದು ತಪ್ಪು ಅಂತ ಈಗ್ಲೂ ಅನ್ಸಲ್ಲ ನನಗೆ. ಹೆಣ್ಣುಮಕ್ಕಳ ಮದುವೆ. ಹಿರಿಯರು ಹಂಗೇ ಮಾಡ್ಕೊಂಡು ಬಂದಿದಾರೆ."

"ಬಂದಿದಾರೆ. ಈ ಫೋನು ಇರೋವರೆಗೆ ಈ ಊರಲ್ಲಿ ಹಂಗೆ ನಡೆಯಲ್ಲ."

ಅವರು ಬೀದಿಯ ಕಡೆ ನೋಡಿದರು. ಮದುವೆಯಲ್ಲಿ ಕಂಡದ್ದಕ್ಕಿಂತ ಮುದುಕರಾಗಿದ್ದರು. ಕೊನೆಗೆ ಕಂಬದಿಂದ ಕೈ ತೆಗೆಯದೆಯೇ ಕೇಳಿದರು. "ಶ್ಯಾಮಲಾ ನಿನ್ನ ಹತ್ರ ಬಂದಿದ್ಲಂತೆ. ಅವನು, ನಮ್ಮ ರಾಮ, ಕೊನೇಲಿ ಏನಾದ್ರೂ ಅಂದನಾ? ನನ್ನ ವಿಷಯ?"

ಆದಿಲಕ್ಷ್ಮಮ್ಮನಿಗೆ ಆ ಮಾತು ಬಾಯಲ್ಲೇ ಇತ್ತು. ಹೇಳಿಬಿಟ್ಟರೆ ಆ ಮನುಷ್ಯನ ಎದೆ ಹಗುರವಾಗುತ್ತದೆಂದೂ ಗೊತ್ತಿತ್ತು. ಮುದ್ರೆಯನ್ನು ಮೇಜಿನ ಮೇಲಿಟ್ಟು ನೇರವಾಗಿ ಅವರ ಮುಖ ನೋಡಿದಳು.

"ಅಂದಿದಾನೆ ಭಾವ. ನಿಮ್ಮ ಹೆಸರಿಗೇ ಒಂದು ಮಾತಿದೆ. ಅದು ಶ್ಯಾಮಲನ ಹತ್ರ ಇದೆ. ಅವಳ ಮುಖ ನೋಡಿ ಕೇಳಿ, ಕೊಡ್ತಾಳೆ. ನಡುವೆ ನಾನು ಎತ್ಕೊಳಲ್ಲ."

ಹೊಸದಾಗಿ ವಿಧವೆಯಾದ ಸೊಸೆಯ ಮನೆಗೆ ಮಾವನಾದವನು ತಾನಾಗಿ ಹೋಗಿ ಎದುರು ನಿಂತು ಕೇಳುವುದು ಆ ಮನೆತನದಲ್ಲಿ ಎಂದೂ ನಡೆದದ್ದಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಚೆನ್ನರಾಯಪ್ಪನವರು ಕಂಬದಿಂದ ಕೈ ತೆಗೆದರು. ಮೆಟ್ಟಿಲಿಳಿದು ಬೀದಿಯಲ್ಲಿ ಸ್ವಲ್ಪ ಹೊತ್ತು ನಿಂತರು. ಆಮೇಲೆ ತಮ್ಮ ಮನೆಯ ದಾರಿ ಬಿಟ್ಟು, ಶ್ಯಾಮಲಮ್ಮನಿದ್ದ ತಮ್ಮನ ಮನೆಯ ಕಡೆಗೆ ತಿರುಗಿದರು.